ಬಸಿ ಎಂಬ ಮಾತಿನ ಬೆನ್ನು ಹತ್ತಿ

ಶಿರಸಿಯ ನಮ್ಮ ಮನೆಯಲ್ಲಿ ಚಹಾದ ಕಪ್ಪಿನ ಕೆಳಗಿಡುವ ಪುಟ್ಟ ತಟ್ಟೆಗೆ ಬಸಿ ಎನ್ನುತ್ತಿದ್ದೆವು. ಅನ್ನದ ಗಂಜಿ ಬಸಿಯುತ್ತೇವೆ, ಬಿಸಿ ಚಹಾವನ್ನು ಬಸಿಗೆ ಸುರಿಯುತ್ತೇವೆ. ಎರಡೂ ಒಂದೇ ಮಾತು ಎಂದು ನಂಬಿದ್ದೆ. ಕಾರವಾರದ ಶಾಲೆಯಲ್ಲಿ ಕನ್ನಡ ಕಲಿಸಲು ಬಂದ ಮೇಲೆ ಮಕ್ಕಳಿಗೂ ಹಾಗೆಯೇ ಹೇಳಿದೆ.

ನಾಗರಪಂಚಮಿಯ ದಿನ ಪಕ್ಕದ ಮನೆಯ ಕೊಂಕಣಿ ಅಜ್ಜಿ ಪಾತೋಳಿ ತಂದವರು, "ಮಾಸ್ತರರೇ, ಒಂದು ಬಶಿ ತನ್ನಿ" ಎಂದರು. ನಾನು ಚಹಾದ ಬಸಿ ಹಿಡಿದು ಬಂದೆ. "ಇದಲ್ಲ, ಉಣ್ಣುವ ಬಶಿ" ಎಂದು ನಕ್ಕರು. ಅವರಿಗೆ ಬೇಕಾಗಿದ್ದುದು ಪಿಂಗಾಣಿಯ ಊಟದ ತಟ್ಟೆ. ಅಲ್ಲಿಗೆ ನನ್ನ ವಿವರಣೆ ಮುರಿದುಬಿತ್ತು. ಊಟದ ತಟ್ಟೆಗೆ ಯಾರೂ ಏನನ್ನೂ ಬಸಿಯುವುದಿಲ್ಲವಲ್ಲ!

ಆಮೇಲೆ ಒಂದು ಚಿಕ್ಕ ವಹಿಯಲ್ಲಿ ಬರೆಯತೊಡಗಿದೆ: ಯಾರು ಹೇಗೆ ಉಚ್ಚರಿಸುತ್ತಾರೆ, ಯಾವ ಪಾತ್ರೆಗೆ ಹೇಳುತ್ತಾರೆ, ನೆರೆಯ ಭಾಷೆಯಲ್ಲಿ ಏನಿದೆ. ಮೂರನೆಯ ಪ್ರಶ್ನೆಯೇ ದಾರಿ ತೋರಿಸಿತು. ಮರಾಠಿಯಲ್ಲೂ ಬಶಿ ಇದೆ. ಗೋವೆಯ ಕೊಂಕಣಿಯಲ್ಲಿ ಅದು ಬೊಶಿ, ಅರ್ಥ ತಟ್ಟೆ. 1510ರಿಂದ 1961ರವರೆಗೆ ಗೋವೆಯನ್ನು ಆಳಿದವರ ಪೋರ್ಚುಗೀಸಿನಲ್ಲಿ 'ಬಾಸಿಯಾ' ಎಂದರೆ ಅಗಲ ಬಾಯಿಯ ಬೋಗುಣಿ. ಇಂಗ್ಲಿಷಿನ ಬೇಸಿನ್ ಕೂಡ ಅದೇ ಬಳಗದ್ದು. ಕೊಂಕಣಿ, ಮರಾಠಿಗಳಲ್ಲಿ ಇಕಾರದ ಮುಂದೆ ಸಕಾರ ಶಕಾರವಾಗುವುದು ವಾಡಿಕೆ, ಹಾಗಾಗಿ ಬಶಿ. ಘಟ್ಟದ ಮೇಲಿನ ನಮ್ಮ ಬಾಯಲ್ಲಿ ಅದು ಬಸಿಯಾಗಿ, ಮೊದಲೇ ಮನೆಯಲ್ಲಿದ್ದ ಬಸಿ ಎಂಬ ಕ್ರಿಯಾಪದದ ಪಕ್ಕದಲ್ಲಿ ಕುಳಿತಿತು. ನಾನು ಮೋಸಹೋದದ್ದು ಇಲ್ಲಿಯೇ. ಎರಡು ಮಾತುಗಳ ಧ್ವನಿ ಒಂದೇ ಆದರೆ ಹುಟ್ಟೂ ಒಂದೇ ಎಂದುಕೊಳ್ಳುವುದು ಎಷ್ಟು ಸಲೀಸು! ಆ ಬಶಿಯನ್ನು ಮಾಡಿದ್ದ ಪಿಂಗಾಣಿಯ ಹೆಸರೂ ಹೊರಗಿನದೇ: ಪಾರಸಿಯ 'ಪಿಂಗಾನ್', ಅಂದರೆ ಬಟ್ಟಲು. ತಟ್ಟೆ ಮಾತ್ರ ನಮ್ಮದೇ ಮಾತು.

ಮರುದಿನ ತರಗತಿಯಲ್ಲಿ ಹಿಂದೆ ಹೇಳಿದ್ದು ತಪ್ಪೆಂದು ಹೇಳಿ, ಕರಿಹಲಗೆಯ ಮೇಲೆ ಬಾಸಿಯಾ, ಬಶಿ, ಬಸಿ ಎಂದು ಸಾಲಾಗಿ ಬರೆದೆ. ಮನೆಯಲ್ಲಿ ಇಂಥ ಮಾತು ಇನ್ನೇನಿವೆ ಕೇಳಿಕೊಂಡು ಬನ್ನಿ ಎಂದೆ. ಮಾಜಾಳಿಯಿಂದ ಬರುವ ಹುಡುಗಿಯೊಬ್ಬಳು ವಾರದೊಳಗೆ ಚಾವಿ, ಬಟಾಟೆ, ಪಗಾರ ಮೂರನ್ನೂ ಬರೆದು ತಂದಳು. ಮೂರೂ ಪೋರ್ಚುಗೀಸಿನಿಂದ ಬಂದವು. ನನ್ನ ವಹಿಯಲ್ಲಿ ಆ ಪುಟ ಅವಳ ಅಕ್ಷರದಲ್ಲೇ ಇದೆ.