ಮೇಕೆ ಬಡವಾಯಿತೇ? ಟಾನಿಕ್ ಬಿಡಿ, ಮೊದಲು ಕಣ್ಣಿನ ರೆಪ್ಪೆ ಬಿಡಿಸಿ ನೋಡಿ

ಹಾಲು ಇಳಿಯಿತು, ಮೂಳೆ ಕಾಣಿಸಿತು ಅಂದ ತಕ್ಷಣ ನಮ್ಮವರು ಓಡುವುದು ಔಷಧಿ ಅಂಗಡಿಗೆ. ಬರುವಾಗ ಕೈಯಲ್ಲಿ ಒಂದು ಲಿವರ್ ಟಾನಿಕ್, ಒಂದು ಕ್ಯಾಲ್ಸಿಯಂ ಬಾಟಲಿ. ಎರಡು ವಾರ ಕುಡಿಸುತ್ತಾರೆ. ಮೂರನೇ ವಾರಕ್ಕೆ ಮೇಕೆ ನೆಲ ಹಿಡಿದಿರುತ್ತದೆ. ನಾನೂ ಹೀಗೇ ಒಂದು ಒಳ್ಳೆಯ ಜಮುನಾಪಾರಿ ತಳಿಯ ಮೇಕೆ ಕಳೆದುಕೊಂಡವನು. ತಿಂದದ್ದು ಸಾಲುತ್ತಿಲ್ಲ ಅಂತ ನಾನು ತಿಳಿದಿದ್ದೆ. ನಿಜವಾಗಿ ಅದರ ರಕ್ತವನ್ನು ಹುಳು ಕುಡಿಯುತ್ತಿತ್ತು.

ಅದಕ್ಕೇ ಈ ಕ್ರಮ. ಮೊದಲು ಹುಳು, ಜ್ವರ, ಕೆಚ್ಚಲು ನೋಡಿ. ಕೊರತೆಯ ಮಾತು ಆಮೇಲೆ.

1. ದೂರದಿಂದ ನೋಡಿ

ಬೆಳಿಗ್ಗೆ ಮೇವು ಹಾಕುವ ಮುಂಚೆ ಐದು ನಿಮಿಷ ಸುಮ್ನೆ ನಿಂತು ನೋಡಿ. ಗುಂಪು ಬಿಟ್ಟು ನಿಂತಿದೆಯೇ, ಮೆಲುಕು ಹಾಕುತ್ತಿಲ್ಲವೇ, ಹಲ್ಲು ಕಡಿಯುತ್ತಿದೆಯೇ? ಹಲ್ಲು ಕಡಿಯುವುದು ನೋವಿನ ಗುರುತು. ಹಿಕ್ಕೆ ಬಿಡಿಬಿಡಿಯಾಗಿ ಉರುಳಬೇಕು. ಮುದ್ದೆಯಾಗಿದ್ದರೆ, ಬಾಲ ಕೊಳೆಯಾಗಿದ್ದರೆ ಆ ಮೇಕೆಯನ್ನು ಬೇರೆ ಕಟ್ಟಿ.

2. ಥರ್ಮಾಮೀಟರ್

ಮನುಷ್ಯರ ಡಿಜಿಟಲ್ ಥರ್ಮಾಮೀಟರ್ ಸಾಕು, ಮೇಕೆಗೇ ಒಂದು ಮೀಸಲಿಡಿ. ತುದಿಗೆ ಎಣ್ಣೆ ಸವರಿ ಗುದದೊಳಗೆ ಬಿಡಿ, ಒಳಗೋಡೆಗೆ ತಾಗಲಿ. ಹಿಂದಿಗೆ ದಾರ ಕಟ್ಟಿರಿ, ಇಲ್ಲದಿದ್ದರೆ ಒಳಗೇ ಹೋದೀತು! ಮೇಕೆಗೆ 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲಿ. ನಮ್ಮ ಲೆಕ್ಕ ಹಿಡಿದು 102 ಕಂಡ ಕೂಡಲೇ ಇಂಜೆಕ್ಷನ್ ಹಾಕಿಸುವವರನ್ನು ನೋಡಿದ್ದೇನೆ. ಬಿಸಿಲಲ್ಲಿ ಮೇಯ್ದು ಬಂದ ಮೇಲೆ ಅಳೆಯಬೇಡಿ, ಸುಳ್ಳು ಜ್ವರ ತೋರಿಸುತ್ತದೆ.

3. ರೆಪ್ಪೆ ಬಿಡಿಸುವುದು

ಎಲ್ಲರೂ ತಪ್ಪುವುದು ಇಲ್ಲೇ. ಹೆಮಾಂಕಸ್ ಅನ್ನುವ ಹುಳು ಮೇಕೆಯ ನಾಲ್ಕನೇ ಹೊಟ್ಟೆಯಲ್ಲಿ ಕುಳಿತು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ಕುಡಿಯುತ್ತದೆ. ಸಾವಿರ ಹುಳುವಿದ್ದರೆ ದಿನಕ್ಕೆ 50 ಮಿಲಿ ರಕ್ತ ಹೋಯಿತು. ಇದರಲ್ಲಿ ಸಾಮಾನ್ಯವಾಗಿ ಭೇದಿ ಇರುವುದಿಲ್ಲ. ಹಿಕ್ಕೆ ಚೆನ್ನಾಗೇ ಇದೆಯಲ್ವಾ ಅಂತ ನಾವು ಮೋಸಹೋಗುತ್ತೇವೆ.

ರಕ್ತ ಎಷ್ಟಿದೆ ಅನ್ನುವುದನ್ನು ಕೆಳರೆಪ್ಪೆಯ ಒಳಪೊರೆ ಹೇಳುತ್ತದೆ. ಇದಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಫಮಾಚಾ ಅನ್ನುವ ಐದು ಬಣ್ಣಗಳ ಕಾರ್ಡ್ ಇದೆ. 1 ಅಂದರೆ ಕಡುಗೆಂಪು, 5 ಅಂದರೆ ಬಿಳಿ. ಮೊಬೈಲ್‌ನಲ್ಲಿ ಅದರ ಫೋಟೋ ಇಟ್ಟುಕೊಂಡು ನೋಡಬೇಡಿ, ಪರದೆಯಲ್ಲಿ ಬಣ್ಣ ಬದಲಾಗುತ್ತದೆ. ಕಾರ್ಡ್ ಸಿಗದಿದ್ದರೆ ದಾಳಿಂಬೆ ಕಾಳಿನಿಂದ ಬೆಳ್ಳುಳ್ಳಿ ಎಸಳಿನವರೆಗೆ ಅಂತ ಮನಸ್ಸಿನಲ್ಲಿಟ್ಟುಕೊಳ್ಳಿ. ಕಾರ್ಡಿನಷ್ಟು ಕರಾರುವಾಕ್ಕಲ್ಲ, ಆದರೂ ಏನೂ ನೋಡದಿರುವುದಕ್ಕಿಂತ ಮೇಲು.

ಕೊಟ್ಟಿಗೆಯಿಂದ ಹೊರಗೆ ತನ್ನಿ. ಬಲ್ಬಿನ ಬೆಳಕು ಬೇಡ, ಹಗಲ ಬೆಳಕೇ ಬೇಕು. ಒಬ್ಬರು ತಲೆ ಹಿಡಿಯಲಿ. ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕಣ್ಣಿನ ಮೇಲೆ ಮುಚ್ಚಿ, ಗುಡ್ಡೆಯನ್ನು ಮೆಲ್ಲಗೆ ಒಳಕ್ಕೆ ಒತ್ತಿ. ಅದೇ ಹೊತ್ತಿಗೆ ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆಯಿರಿ. ಒಳಪೊರೆ ಪುಟಕ್ಕನೆ ಎದ್ದು ನಿಲ್ಲುತ್ತದೆ. ಬಣ್ಣ ನೋಡಬೇಕಾದದ್ದು ಅದರದ್ದು. ರೆಪ್ಪೆಯ ಅಂಚು ನೋಡಿದರೆ ಲೆಕ್ಕ ತಪ್ಪುತ್ತದೆ.

ನೋಡಿ, ಬಿಡಿ. ಜಾಸ್ತಿ ಹೊತ್ತು ಹಿಡಿದರೆ ಪೊರೆ ಕೆಂಪಾಗುತ್ತದೆ, ರಕ್ತ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಎರಡೂ ಕಣ್ಣು ನೋಡಿ. ಎರಡರಲ್ಲಿ ಹೆಚ್ಚು ಬಿಳಿಚಿದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ಕಣ್ಣುಬೇನೆ ಇದ್ದರೆ, ಧೂಳು ಬಿದ್ದಿದ್ದರೆ ಆ ದಿನದ ಲೆಕ್ಕ ನಂಬಬೇಡಿ.

1, 2 ಇದ್ದರೆ ಹುಳುವಿನ ಔಷಧಿ ಬೇಡ. 4, 5 ಇದ್ದರೆ ಅವತ್ತೇ ಬೇಕು. 3 ಬಂದಾಗ ಜನ ಕಾಯೋಣ ಅನ್ನುತ್ತಾರೆ. ಹಾಲು ಕೊಡುವ ಮೇಕೆಗೆ, ಗಬ್ಬದ ಮೇಕೆಗೆ, ಮರಿಗೆ ನಾನಂತೂ ಕಾಯುವುದಿಲ್ಲ. ಗಂಟಲ ಕೆಳಗೆ ನೀರಿನ ಚೀಲ ಜೋತಿದ್ದರೆ ಬಣ್ಣ ನೋಡುತ್ತಾ ಕೂರಲು ಸಮಯವಿಲ್ಲ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಎಲ್ಲ ಮೇಕೆಗಳ ಕಣ್ಣು ನೋಡಿ.

ಇಡೀ ಹಿಂಡಿಗೆ ಒಂದೇ ದಿನ ಔಷಧಿ ಕುಡಿಸುವುದು ಸುಲಭ, ನಿಜ. ಆದರೆ ಸಾಯದೆ ಉಳಿದ ಹುಳುವಿನ ಸಂತಾನಕ್ಕೆ ಆ ಔಷಧಿ ಮುಂದೆ ತಾಗುವುದೇ ಇಲ್ಲ. ಕುರಿಯ ಅಳತೆ ಹಿಡಿದು ಕುಡಿಸುವುದೂ ತಪ್ಪು. ಮೇಕೆಯ ಅಳತೆ ಬೇರೆ, ಗಬ್ಬಕ್ಕೆ ಆಗದ ಔಷಧಿಗಳೂ ಇವೆ. ಡಾಕ್ಟರನ್ನೇ ಕೇಳಿ, ಎಷ್ಟು ದಿನ ಹಾಲು ಬಳಸಬಾರದು ಅಂತಲೂ ಕೇಳಿ. ಡೆಂಗಿ ಸಮಯದಲ್ಲಿ ಮೇಕೆ ಹಾಲಿಗೆ ಎಲ್ಲಿಲ್ಲದ ಬೇಡಿಕೆ ಬರುತ್ತದೆ. ಆಗ ಈ ಪ್ರಶ್ನೆ ಬೇಕಂತಲೇ ಮರೆಯುವವರಿದ್ದಾರೆ.

ಹೇನು, ಉಣ್ಣಿ, ಪಿತ್ತಜನಕಾಂಗದ ಹುಳುವಿನಿಂದಲೂ ಕಣ್ಣು ಬಿಳಿಚುತ್ತದೆ. ಅದಕ್ಕೇ ಅವತ್ತಿನ ತಾಜಾ ಹಿಕ್ಕೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಪಶು ಆಸ್ಪತ್ರೆಗೆ ಕೊಡಿ.

4. ಕೆಚ್ಚಲು

ಮೊದಲ ಧಾರೆಯನ್ನು ಕಪ್ಪು ತಟ್ಟೆಗೆ ಕರೆಯಿರಿ. ಗಂಟು ಕಂಡರೆ ಕೆಚ್ಚಲು ಬಾವು. ಸೋಪಿನ ದ್ರಾವಣ ಬೆರೆಸಿ ನೋಡುವ ಪರೀಕ್ಷೆ ಹಸುವಿನಷ್ಟು ನಂಬಿಕೆಯದ್ದಲ್ಲ. ಆ ಪರೀಕ್ಷೆಯಲ್ಲಿ ಮೇಕೆ ಹಾಲು ಸ್ವಲ್ಪ ಗಟ್ಟಿಯಾಗುವುದು ಮಾಮೂಲಿ. ಎರಡೂ ಬದಿಯ ಹಾಲನ್ನು ಹೋಲಿಸಿ ನೋಡಿ.

5. ಈಗ ಕೊರತೆ

ಇಷ್ಟೆಲ್ಲ ಸರಿಯಿದ್ದೂ ಕಪ್ಪು ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದರೆ, ಬಾಲದ ತುದಿ ಬೋಳಾಗಿ ಮೀನಿನ ಬಾಲದ ಹಾಗೆ ಸೀಳಿದರೆ ತಾಮ್ರದ ಮೇಲೆ ಅನುಮಾನ ಪಡಿ. ಚರ್ಮ ಹೊಟ್ಟು ಹೊಟ್ಟಾಗಿ ಎದ್ದರೆ ಸತು. ಮರಿ ಹುಟ್ಟುವಾಗಲೇ ಗಂಟಲಲ್ಲಿ ಗಡ್ಡೆ ಇದ್ದರೆ ಅಯೋಡಿನ್. ಸುಬಾಬುಲ್ ಸೊಪ್ಪನ್ನೇ ಹೊಟ್ಟೆ ತುಂಬ ಹಾಕಿದರೂ ಕೂದಲು ಉದುರುತ್ತದೆ. ಅದು ಕೊರತೆಯಲ್ಲ, ಸೊಪ್ಪು ಕಡಿಮೆ ಮಾಡಿ.

ಕುರಿಗೆ ಅಂತ ಬರೆದ ಖನಿಜ ಮಿಶ್ರಣ ತರಬೇಡಿ, ಅದರಲ್ಲಿ ತಾಮ್ರ ಇಲ್ಲದಿರುವುದೇ ಹೆಚ್ಚು. ಹಾಗಂತ ತಾಮ್ರವನ್ನು ಬೇರೆಯಾಗಿ ತಂದು ಅಂದಾಜಿನಲ್ಲಿ ತಿನ್ನಿಸಲೂಬೇಡಿ, ಜಾಸ್ತಿಯಾದರೆ ವಿಷ.

ಗಬ್ಬದ ಕೊನೆಯ ತಿಂಗಳಲ್ಲಿ ಮೇವು ಬಿಟ್ಟ ಮೇಕೆ, ಮರಿ ಹಾಕಿದ ಮೇಲೆ ಏಳಲಾಗದ ಮೇಕೆ, ತಲೆ ಹಿಂದಕ್ಕೆ ಎಸೆದು ಕಣ್ಣು ಕಾಣದಂತೆ ನಿಂತ ಮೇಕೆ, ಈ ಮೂರಕ್ಕೂ ನೇರ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ನರಕ್ಕೆ ಕ್ಯಾಲ್ಸಿಯಂ ಏರಿಸಲು ಪಕ್ಕದ ಮನೆಯವರನ್ನು ಕರೆಯಬೇಡಿ. ಬೇಗ ಏರಿಸಿದರೆ ಹೃದಯ ನಿಲ್ಲಬಹುದು. ಡಾಕ್ಟರು ಬರುವವರೆಗೆ ಒಂದು ಪಕ್ಕಕ್ಕೆ ಮಲಗಲು ಬಿಡದೆ, ಎರಡೂ ಕಡೆ ಹುಲ್ಲಿನ ಮೂಟೆ ಕೊಟ್ಟು ಎದೆಯ ಮೇಲೆ ಕೂರಿಸಿ.