ಲಾರಿ ಕ್ಯಾಬಿನ್ನಿನ ಹಾಸಿಗೆಗೆ ಗಾಳಿಯಾಡಿಸುವ ಬಗೆ

ಹುಮನಾಬಾದ್ ಬಳಿ ರಾಷ್ಟ್ರೀಯ ಹೆದ್ದಾರಿ 65ರ ಬದಿಯಲ್ಲಿ ಲಾರಿಗಳ ಸೀಟು, ಗಾದಿ ಹೊಲಿಯುವುದು ನನ್ನ ಕೆಲಸ. ವಾಡಿ, ಸೇಡಂ ಕಡೆಯಿಂದ ಸಿಮೆಂಟನ್ನೂ ಕಲಬುರಗಿಯಿಂದ ತೊಗರಿ ಬೇಳೆಯನ್ನೂ ಹೇರಿಕೊಂಡು ಬರುವ ಚಾಲಕರು ಸೀಟಿನ ಹಿಂದಿರುವ ಬರ್ತ್‌ನಲ್ಲಿ ನಿದ್ದೆ ಬರುವುದಿಲ್ಲವೆಂದು ಹೇಳಿ, “ಉಸ್ತಾದ್, ಇನ್ನಾ ದಪ್ಪಂದು ಫೋಮ್ ಹಾಕ್ರಿ” ಎನ್ನುತ್ತಾರೆ. ಆದರೆ ತೊಂದರೆ ಇರುವುದು ಬಹುಪಾಲು ದಪ್ಪದಲ್ಲಲ್ಲ, ಗಾಳಿಯಲ್ಲಿ.

ಕಳೆದ ಬೇಸಿಗೆಯಲ್ಲಿ ಒಬ್ಬ ಚಾಲಕರ 6 ಇಂಚಿನ ಫೋಮ್ ಗಾದಿಯನ್ನು ಎತ್ತಿ ನೋಡಿದಾಗ, ಕೆಳಗಿನ ಪ್ಲೈವುಡ್ ಹಲಗೆಯ ಮೇಲೆ ಭುಜದಿಂದ ಸೊಂಟದವರೆಗೆ ಅವರ ಮೈಯ ಆಕಾರದಲ್ಲೇ ಕಪ್ಪು ಬೂಸ್ಟು ಹಿಡಿದಿತ್ತು. ಉಗುರಿನಿಂದ ಒತ್ತಿದರೆ ಹಲಗೆಯ ಪದರು ಏಳುತ್ತಿತ್ತು. ರೆಕ್ಸಿನ್ ಹೊದಿಕೆಯ ಹೊಲಿಗೆಗಳಿಂದ ಇಳಿದ ಬೆವರು ಹೊರಹೋಗಲು ದಾರಿಯೇ ಇರಲಿಲ್ಲ. ಹೀಗಾಗಿ ಕೆಲಸವನ್ನು ಹಲಗೆಯಿಂದಲೇ ಆರಂಭಿಸಬೇಕು.

ಹಲಗೆಯನ್ನು ಬಿಚ್ಚಿ ಹೊರಗೆ ತೆಗೆದ ಮೇಲೆಯೇ ಡ್ರಿಲ್ ಹಿಡಿಯಿರಿ, ಏಕೆಂದರೆ ಅದರ ಕೆಳಗೆ ವೈರುಗಳು ಹಾದುಹೋಗಿರಬಹುದು. ಅಂಚಿನಿಂದ 3 ಇಂಚು ಬಿಟ್ಟು, ಕಬ್ಬಿಣದ ಆಧಾರಪಟ್ಟಿ ತಾಗುವ ಜಾಗವನ್ನೂ ಬಿಟ್ಟು, 4 ಇಂಚಿಗೊಂದರಂತೆ 1 ಇಂಚಿನ ತೂತುಗಳನ್ನು ಕೊರೆಯಿರಿ. ತೂತಿನ ಅಂಚುಗಳನ್ನು ಉಜ್ಜುಕಾಗದದಿಂದ ನುಣುಪು ಮಾಡಿ, ಎರಡೂ ಬದಿಗೆ ವಾರ್ನಿಷ್ ಬಳಿದು ಪೂರ್ತಿ ಒಣಗಿಸಿ. ಹಲಗೆಯ ಕೆಳಗಿನ ಪೆಟ್ಟಿಗೆಯಲ್ಲಿ ತಾಡಪತ್ರಿ, ಹಗ್ಗಗಳನ್ನು ಕಿಕ್ಕಿರಿದು ತುಂಬಿದರೆ ತೂತು ಕೊರೆದದ್ದು ವ್ಯರ್ಥವಾಗುತ್ತದೆ.

ಹಲಗೆಯ ಮೇಲೆ 1 ಇಂಚಿನ ತೆಂಗಿನ ನಾರಿನ ಹಾಸು, ಅದರ ಮೇಲೆ 40 ಡೆನ್ಸಿಟಿಯ (ಅಂದರೆ ಘನ ಮೀಟರಿಗೆ 40 ಕಿಲೋ ತೂಗುವ) 3 ಇಂಚಿನ ಫೋಮ್ ಇದ್ದರೆ ಸಾಕು. ಕಡಿಮೆ ಡೆನ್ಸಿಟಿಯ ಮೆತ್ತನೆಯ ಫೋಮ್ ಅಂಗಡಿಯಲ್ಲಿ ಕೈಗೆ ಹಿತವಾಗಿದ್ದರೂ ಕೆಲವೇ ತಿಂಗಳಲ್ಲಿ ಸೊಂಟದ ಬಳಿ ಕುಸಿಯುತ್ತದೆ. ಬರ್ತ್‌ನ ಮೂಲೆಗಳು ನೇರವಾಗಿರುವುದಿಲ್ಲವಾದ್ದರಿಂದ ಹಳೆಯ ಪತ್ರಿಕೆಗಳನ್ನು ಅಂಟಿಸಿ ಅಳತೆಯ ಹಾಳೆ ತಯಾರಿಸಿಕೊಂಡು, ಅದಕ್ಕಿಂತ ಸುತ್ತಲೂ ಕಾಲು ಇಂಚು ಹೆಚ್ಚಾಗಿ ಫೋಮ್ ಕತ್ತರಿಸಿ. ಆಗ ಹೊದಿಕೆ ಬಿಗಿಯಾಗಿ ಕೂಡುತ್ತದೆ. ಹೊದಿಕೆಗೆ ದಪ್ಪ ಹತ್ತಿಬಟ್ಟೆಯನ್ನೇ ಆರಿಸಿ, ಒಂದು ಉದ್ದ ಬದಿಗೆ ಜಿಪ್ ಹಚ್ಚಿಸಿ, ತೆಗೆದು ಒಗೆಯುವಂತಿರಲಿ. ಅರಳೆಯ ಗಾದಿಯನ್ನೇ ಬಯಸುವವರಿಗೆ ನಾನು ಬೇಡವೆನ್ನುವುದಿಲ್ಲ. ಗಂಟು ಕಟ್ಟಿದಾಗ ಪಿಂಜಾರರಲ್ಲಿ ಅರಳೆ ಹಿಂಜಿಸಿಕೊಳ್ಳುವ ವ್ಯವಧಾನ ಅವರಿಗಿರಬೇಕು, ಅಷ್ಟೇ. ಎಲ್ಲದರ ಮೇಲೆ, ಹಳೆಯ ಹತ್ತಿ ಸೀರೆಗಳಿಂದ ಮನೆಯಲ್ಲಿ ಹೊಲಿದ ಕೌದಿಯನ್ನು ಹಾಸಿಕೊಳ್ಳಿ. ಬೆವರು ಹೀರುವುದರಲ್ಲಿ ಅದಕ್ಕೆ ಸಮನಾದುದನ್ನು ನಾನು ಕಂಡಿಲ್ಲ.

ಇನ್ನು ಸೆಕೆಯ ಮಾತು. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ, ಮನೆಯಲ್ಲಿದ್ದವರು ಶಹಾಬಾದ್ ಫರಸಿಯ ಮೇಲೆ ಬರಿಮೈಯಲ್ಲಿ ಮಲಗುತ್ತಾರೆ. ಚಾಲಕನಿಗೆ ಮಾತ್ರ ಮೇಲೆ ಕಾದ ತಗಡು, ಕೆಳಗೆ ಕಾದ ಇಂಜಿನ್. ತಗಡಿನ ಮನೆಗಳಿಗೆ ಹೊಡೆಯುವ ಬೆಳ್ಳಿಬಣ್ಣದ ಫೋಮ್ ಶೀಟನ್ನು ದೀಪ, ವೈರುಗಳಿಂದ ದೂರವಿರುವಂತೆ ಚಾವಣಿಗೂ ಹಿಂಗೋಡೆಗೂ ಅಂಟಿಸಿ. ಕಿಟಕಿಗಳಿಗೆ ವೆಲ್ಕ್ರೋ ಪಟ್ಟಿಯಿಂದ ಸೊಳ್ಳೆ ಪರದೆ ಕಟ್ಟಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮಲಗುವ ಅರ್ಧ ಗಂಟೆ ಮೊದಲು ಎರಡೂ ಬಾಗಿಲು ತೆರೆದಿಡಿ.

2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್ ಮೀರಿದ ಸರಕು ವಾಹನಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ಆದರೂ ತಂಪಿಗಾಗಿ ಇಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿ ಮಲಗಬೇಡಿರೆಂದು ಕೈಮುಗಿದು ಕೇಳುತ್ತೇನೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಒಳಗೆ ನುಸುಳಿದರೆ ಮಲಗಿದವನಿಗೆ ಎಚ್ಚರವೇ ಆಗದಿರಬಹುದು.

ಹೊಸ ಹಾಸಿಗೆಯಲ್ಲಿ ಮೊದಲ ರಾತ್ರಿ ಕಳೆದ ಮೇಲೆ, ಬೆಳಿಗ್ಗೆ ಗಾದಿಯನ್ನೆತ್ತಿ ಹಲಗೆಯ ನಡುವೆ ಅಂಗೈ ಇಟ್ಟು ನೋಡಿ. ಒಣಗಿದ್ದರೆ ಕೆಲಸ ಸರಿಯಾಗಿದೆ. ತೇವ ತಾಗಿದರೆ ಆ ಭಾಗದಲ್ಲಿ ಇನ್ನಷ್ಟು ತೂತು ಕೊರೆದು, ಹೊರಡುವವರೆಗೆ ಗಾದಿಯನ್ನು ಬಾಗಿಲಿನ ಕಡೆಗೆ ಓರೆಯಾಗಿ ನಿಲ್ಲಿಸಿಡಿ.