ಪಹಣಿಲಿ ಇನ್ನೂ ತಾತನ ಹೆಸರೇ ಇದ್ಯಾ? ಪೌತಿ ಖಾತೆ ಮಾಡ್ಸೋದು ಹೀಗೆ

ಉಳೋರು ಮೊಮ್ಮಕ್ಕಳು, ಪಹಣಿಲಿ ಮಾತ್ರ ಯಾವತ್ತೋ ತೀರಿಹೋದ ತಾತನ ಹೆಸರು. ಜಮೀನು ಯಾರದ್ದು ಅಂತ ಊರಿಗೆಲ್ಲಾ ಗೊತ್ತು, ಆದ್ರೆ ಸೊಸೈಟಿಲಿ ಬೆಳೆಸಾಲ ಕೇಳ್ದಾಗ, ಪಿಎಂ ಕಿಸಾನ್‌ಗೆ ಅರ್ಜಿ ಹಾಕ್ದಾಗ, ಬೆಳೆ ಹೋಗಿ ಪರಿಹಾರ ಬಂದಾಗ, ಅಲ್ಲಿ ಊರಿನ ಮಾತು ನಡ್ಯಲ್ಲ, ಖಾತೇದಾರ ಯಾರು ಅಂತಾನೇ ಕೇಳೋದು. ತೀರಿಹೋದವರ ಖಾತೆನ ವಾರಸುದಾರರ ಹೆಸರಿಗೆ ಮಾಡ್ಸೋದೇ ಪೌತಿ ಖಾತೆ.

ಮೊದ್ಲು ನಾಡಕಚೇರಿಲಿ ಪಹಣಿ ತಗೊಳ್ಳಿ. ಕಾಲಂ 9ರಲ್ಲಿ ಖಾತೇದಾರರ ಹೆಸರು, 11ರಲ್ಲಿ ಸಾಲ-ಋಣ, 12ರಲ್ಲಿ ಸಾಗುವಳಿ ವಿವರ ಇರತ್ತೆ. ಸುಮಾರು ಜನ ಎಕರೆ-ಗುಂಟೆ ನೋಡಿ ಮಡಚಿ ಇಟ್ಬಿಡ್ತಾರೆ, ದಯವಿಟ್ಟು 11 ಓದಿ, ಯಾವಾಗ್ಲೋ ತೀರಿಸಿದ ಸಾಲ ಅಲ್ಲಿ ಹಾಗೇ ಉಳಿದಿರಬಹುದು.

ಆಮೇಲೆ ಮರಣ ಪ್ರಮಾಣಪತ್ರ. ಸಾವು 21 ದಿನದೊಳಗೆ ನೋಂದಣಿ ಆಗಿದ್ರೆ ಸಲೀಸು, ವರ್ಷ ದಾಟಿದ್ರೆ ಮೇಲಿನ ಅಧಿಕಾರಿ ಆದೇಶ ತರ್ಬೇಕು, ಅದಕ್ಕೇ ಓಡಾಟ ಜಾಸ್ತಿ.

ಮುಖ್ಯವಾದದ್ದು ವಂಶವೃಕ್ಷ. ಇಲ್ಲೇ ಹೆಣ್ಮಕ್ಕಳ ಹೆಸರು ಬಿಟ್ಬಿಡೋದು, ಮದ್ವೆ ಮಾಡಿ ಕಳ್ಸಿದ್ವಲ್ಲ ಅಂತಾರೆ. ಇದು ತಪ್ಪು, ತುಂಬಾ ದೊಡ್ಡ ತಪ್ಪು. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರ ಕಾನೂನು ಹೇಳತ್ತೆ, ಆ ಕಾನೂನು ಬಂದಾಗ ಅಪ್ಪ ಬದುಕಿರ್ಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಅಕ್ಕ-ತಂಗಿ ಮನಸಾರೆ ಬಿಟ್ಕೊಡ್ತೀನಿ ಅಂದ್ರೂ ಬಾಯಿಮಾತು ಸಾಲದು, ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಗ್ಬೇಕು. ಅಮ್ಮ ಇದ್ರೆ ಅವರ ಹೆಸರು ಮೊದ್ಲು ಬರ್ಸಿ, ಆ ಹೊಲದಲ್ಲಿ ಕಳೆ ಕಿತ್ತು ಬೆನ್ನು ಬಗ್ಗಿದ್ದು ಅವರದ್ದೇ ಅಲ್ವಾ.

ಇಷ್ಟೂ ಜೊತೆಗೆ ಆಧಾರ್ ಇಟ್ಟು ನಾಡಕಚೇರಿಲಿ ಅರ್ಜಿ ಕೊಡಿ, ರಸೀದಿ ಮರೀದೇ ಇಸ್ಕೊಳ್ಳಿ. ಗ್ರಾಮ ಆಡಳಿತಾಧಿಕಾರಿ ವಿಚಾರಣೆ ಮಾಡಿ ನೋಟಿಸ್ ಹಾಕ್ತಾರೆ, ತಕರಾರು ಬರ್ಲಿಲ್ಲ ಅಂದ್ರೆ ಆರ್‌ಐ (ಕಂದಾಯ ನಿರೀಕ್ಷಕರು) ಮಂಜೂರು ಮಾಡಿ ಮ್ಯುಟೇಶನ್, ಅಂದ್ರೆ ಪಹಣಿಲಿ ಹೆಸರು ಬದಲಾವಣೆ, ಆಗತ್ತೆ, ಬಂದ್ರೆ ಕೇಸ್ ತಹಶೀಲ್ದಾರ್ ಆಫೀಸಿಗೆ ಹೋಗತ್ತೆ.

ಹೊಸ ಪಹಣಿಲಿ ಎಲ್ಲರ ಹೆಸರೂ ಬಂದ್ರೆ ಅದು ಜಂಟಿ ಖಾತೆ, ಭಾಗ ಆದಂಗಲ್ಲ. ಬೇರೆ ಬೇರೆ ಪಹಣಿ ಬೇಕಂದ್ರೆ 11ಇ ನಕ್ಷೆ (ಯಾರ ಭಾಗ ಎಲ್ಲಿ ಅಂತ ಅಳೆದು ತೋರ್ಸೋ ಸರ್ವೆ ನಕ್ಷೆ) ಮಾಡ್ಸಿ ವಿಭಾಗಪತ್ರ ರಿಜಿಸ್ಟರ್ ಮಾಡಿಸ್ಬೇಕು.

ಖಾತೆ ಬಂತು ಅಂತ ಹಳೇ ಟ್ರಂಕಲ್ಲಿರೋ ಕಾಗದ ಮಾತ್ರ ಬಿಸಾಕ್ಬೇಡಿ. ಪಹಣಿ ಕಂದಾಯದ ದಾಖಲೆ, ಕೋರ್ಟಲ್ಲಿ ಹಕ್ಕು ಹೇಗೆ ಬಂತು ಅಂತ ಕೇಳಿದ್ರೆ ತೋರ್ಸೋದು ಕ್ರಯಪತ್ರ, ಸರ್ಕಾರ ಜಮೀನು ಮಂಜೂರು ಮಾಡಿದ್ದಕ್ಕೆ ಕೊಟ್ಟ ಸಾಗುವಳಿ ಚೀಟಿ, ಇಲ್ಲಾಂದ್ರೆ 1974ರ ಭೂಸುಧಾರಣೆ ಆದ್ಮೇಲೆ ಗೇಣಿದಾರರಿಗೆ ಭೂನ್ಯಾಯ ಮಂಡಳಿ ಕೊಟ್ಟ ಆದೇಶ. ಇವತ್ತೇ ಒಂದೊಂದು ಜೆರಾಕ್ಸ್ ಮಾಡ್ಸಿ ಅಕ್ಕ-ತಂಗಿ ಮನೇಲೂ ಇಡಿ.